ಕಾಲು ಮುಂದೆ, ಕಾರು ಹಿಂದೆ

ಸಿಗ್ನಲ್ ಹಸಿರಾಯ್ತು. ನೀವು ಒತ್ತಿದ್ರಿ. ಕಾರು ಹೊರಟಿತು, ಇಲ್ಲ ಅನ್ನಲ್ಲ. ಆದ್ರೆ ಒಂದು ಕ್ಷಣ ಯೋಚನೆ ಮಾಡಿ ಹೊರಟಿತು. ಅಷ್ಟರಲ್ಲಿ ಎಡಗಡೆಯಿಂದ ಒಂದು ಆಟೋ, ಬಲಗಡೆಯಿಂದ ಊಟದ ಡಬ್ಬ ಹೊತ್ತ ಸ್ಕೂಟರ್ ಹುಡುಗ, ಬೆನ್ನ ಹಿಂದೆ ಬಸ್ಸಿನ ಹಾರನ್ನು. ಎದೆ ಮುಟ್ಕೊಂಡು ಹೇಳಿ, ಆಗಿದೆ ತಾನೇ ನಿಮಗೂ?

ಆಮೇಲೆ ನೀವು ಮಾಡಿದ್ದೇನು ಅಂತಲೂ ನಾನೇ ಹೇಳ್ತೀನಿ. ಎಸಿ ಆಫ್ ಮಾಡಿದ್ರಿ. ಪೆಡಲನ್ನ ಇನ್ನೂ ಜೋರಾಗಿ ತುಳಿದ್ರಿ. (ಲಿಫ್ಟ್ ಬರ್ಲಿಲ್ಲ ಅಂತ ಬಟನ್ ಮೇಲೆ ಮತ್ತೆ ಮತ್ತೆ ಕುಟ್ಟೋರೂ ನೀವೇ, ನೋಡಿದ್ದೀನಿ.) ಕೊನೆಗೆ ಪಕ್ಕದ ಸೀಟಿನೋರ ಕಡೆ ತಿರುಗಿ "ಗಾಡೀಲಿ ಪಿಕಪ್ಪೇ ಇಲ್ಲ" ಅಂತ ಘೋಷಣೆ ಹೊರಡಿಸಿದ್ರಿ. ಅಲ್ಲಿಗೆ ರಿಪೇರಿ ಮುಗೀತು.

ಯಾವಾಗಿಂದ ಹೀಗೆ ಅಂದ್ರೆ "ಮೊನ್ನೆಯಿಂದ" ಅಂತೀರಿ. ಯಾವ ಮೊನ್ನೆ ಸ್ವಾಮಿ? ಯುಗಾದಿಗೆ ಮುಂಚಿನ ಮೊನ್ನೆಯೋ, ಆಯುಧಪೂಜೆಗೆ ಮುಂಚಿನದೋ? ಆಯುಧಪೂಜೆ ದಿನ ಬಾನೆಟ್ ಮೇಲೆ ಕುಂಕುಮ ಇಟ್ಟು, ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟು ಹತ್ತಿಸಿದ್ರಿ, ಒಪ್ತೀನಿ. ಬಾನೆಟ್ ಒಳಗೆ ಇಣುಕಿ ನೋಡಿದ್ದು ಯಾವತ್ತು ಅಂತ ನನ್ನ ಪ್ರಶ್ನೆ.

ಎಸಿ ಆಫ್ ಮಾಡಿದ್ದು ತಪ್ಪಲ್ಲ ಬಿಡಿ. ಸಣ್ಣ ಎಂಜಿನ್ನಿಂದ ಎಸಿ ಕಂಪ್ರೆಸರು ಮೂರ್ನಾಲ್ಕು ಹಾರ್ಸ್‌ಪವರ್ ಕಿತ್ಕೊಂಡೇ ಕಿತ್ಕೊಳ್ಳುತ್ತೆ. ಪೆಡಲ್ ಪೂರ್ತಿ ಒತ್ತಿದಾಗ ಎಷ್ಟೋ ಕಾರುಗಳು ತಾವೇ ಒಂದು ಘಳಿಗೆ ಕಂಪ್ರೆಸರ್ ಬಿಟ್ಟುಬಿಡ್ತವೆ. ಆದ್ರೆ ಕಾರು ಕೊಂಡ ದಿನವೂ ಎಸಿ ಇತ್ತಲ್ಲ, ಅವತ್ತು ಪಿಕಪ್ಪೂ ಇತ್ತಲ್ಲ?

ಮನೆಗೆ ಬಂದ ಮೇಲೆ ಸಲಹಾ ಸಮಿತಿ ಸೇರಿತು. ಭಾವಮೈದ "ಪವರ್ ಪೆಟ್ರೋಲ್ ಹಾಕ್ಸಿ ಭಾವ" ಅಂದ. ಹಾಕ್ಸಿದ್ರಿ. ಏನಾಯ್ತು? ಜೇಬು ಹಗುರ ಆಯ್ತು. ಆಕ್ಟೇನ್ ಅನ್ನೋದು ಟಾನಿಕ್ ಅಲ್ಲ ಕಣ್ರೀ. ಸಿಲಿಂಡರಿನೊಳಗೆ ಪೆಟ್ರೋಲ್ ಹೊತ್ತಿಗೆ ಮುಂಚೆ ಸಿಡಿಯದ ಹಾಗೆ ತಡೆಯೋ ಗುಣ ಅದು. ಅಷ್ಟು ಆಕ್ಟೇನ್ ಬೇಡದ ಎಂಜಿನ್ನಿಗೆ ಹಾಕಿದ್ರೆ ಎಂಜಿನ್ ಥ್ಯಾಂಕ್ಸ್ ಕೂಡ ಹೇಳಲ್ಲ.

ಎದುರು ಮನೆ ಅಂಕಲ್ ಬಿಡ್ತಾರಾ? "ಕಾರ್ಬೊರೇಟರ್ ಬಿಚ್ಚಿ ಕ್ಲೀನ್ ಮಾಡ್ಸಪ್ಪ, ನಮ್ಮ ಮಾರುತಿ 800ಗೆ ಅದೇ ಮಾಡ್ತಿದ್ವಿ" ಅಂದ್ರು. ಅವರ ಅನುಭವಕ್ಕೆ ಕೈಮುಗೀರಿ. ಆದ್ರೆ ಅವರ ಗಾಡಿ 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ತಳಿ. 796 ಸಿಸಿ, ಮೂರು ಸಿಲಿಂಡರು. ನಿಮ್ಮ ಕಾರಲ್ಲಿ ಕಾರ್ಬೊರೇಟರ್ ಹುಡುಕಿದ್ರೆ ಸಿಗಲ್ಲ, ಅದು ಇದ್ದರೆ ತಾನೇ?

ಅಂಕಲ್ ಕಾಲದಲ್ಲಿ ಪೆಡಲ್ ಒತ್ತಿದ್ರೆ ಒಂದು ಕೇಬಲ್ಲು ಎಳೀತಿತ್ತು, ಆ ಕಡೆ ಗಾಳಿ ಬಿಡೋ ತಟ್ಟೆ ತೆರ್ಕೊಳ್ತಿತ್ತು. ನೇರ ವ್ಯವಹಾರ. ಈಗ? ನಿಮ್ಮ ಪೆಡಲ್ ಬರೀ ತಾಲ್ಲೂಕಾಫೀಸಿಗೆ ಕೊಡೋ ಅರ್ಜಿ. ಕಂಪ್ಯೂಟರ್ ಸಾಹೇಬರು ಅದನ್ನ ಓದಿ, ಗಾಳಿ ಎಷ್ಟು, ಬಿಸಿ ಎಷ್ಟು, ಗೇರ್ ಯಾವುದು ಅಂತ ಕಡತ ತಿರುವಿ ಹಾಕಿ, ಮೋಟರಿಗೆ ಹೇಳಿ ತಟ್ಟೆ ತೆರೆಸ್ತಾರೆ. ಜೋರಾಗಿ ಒತ್ತಿದ ಮಾತ್ರಕ್ಕೆ ಮಂಜೂರಾಗಬೇಕು ಅಂತೇನಿಲ್ಲ.

ಸಾಹೇಬರಿಗೆ ಅನುಮಾನವೂ ಜಾಸ್ತಿ. ಪೆಡಲಿನಲ್ಲಿ ಒಂದಲ್ಲ, ಎರಡು ಸೆನ್ಸರ್ ಇರ್ತವೆ. ಇಬ್ಬರೂ ಒಂದೇ ಹೇಳಿಕೆ ಕೊಡಬೇಕು. ಹೇಳಿಕೆ ತಾಳೆ ಆಗ್ಲಿಲ್ಲ ಅಂದ್ರೆ ಗಾಡಿ ಲಿಂಪ್ ಮೋಡಿಗೆ ಹೋಗುತ್ತೆ. ಆಮೇಲೆ ನೀವು ಎಷ್ಟೇ ತುಳೀರಿ, ಅದು ಕುಂಟ್ಕೊಂಡೇ ಬರೋದು.

ಈ ಲಿಂಪ್ ಮೋಡಿನ ವಿಷಯದಲ್ಲಿ ನಿಮ್ಮದೊಂದು ಚಾಳಿ ಇದೆ. ಗಾಡಿ ಪಕ್ಕಕ್ಕೆ ಹಾಕಿ, ಆಫ್ ಮಾಡಿ, ಎರಡು ನಿಮಿಷ ಬಿಟ್ಟು ಆನ್ ಮಾಡ್ತೀರಿ. ಸರಿಹೋಗುತ್ತೆ. "ನೋಡಿದ್ಯಾ, ನಾನೇ ರಿಪೇರಿ ಮಾಡ್ದೆ" ಅಂತ ಮೀಸೆ ತಿರುವ್ತೀರಿ. (ಮೀಸೆ ಇಲ್ಲದೋರು ಕನ್ನಡಕ ಸರಿ ಮಾಡ್ಕೊಳ್ತೀರಿ.) ರಿಪೇರಿ ಆಗಿಲ್ಲ ಸ್ವಾಮಿ, ದೂರು ಒಳಗೇ ಕೂತಿದೆ. ಮುಂದಿನ ಸಲ ಅದು ಶಿರಾಡಿ ಘಾಟಿನಲ್ಲಿ, ಮಳೇಲಿ, ಲಾರಿ ಹಿಂದೆ ಇದ್ದಾಗ ಹೊರಗೆ ಬರುತ್ತೆ.

ಸರಿ, ಇನ್ನು ಮೇಲೆ ಭಾವಮೈದನನ್ನ ಕೇಳೋದು ಬಿಟ್ಟು ಆರ್‌ಪಿಎಂ ಮೀಟರ್ ಕೇಳೋಣ. ಎಲ್ಲಿದೆ ಅದು? ಸ್ಪೀಡೋಮೀಟರ್ ಪಕ್ಕದಲ್ಲೇ, ಒಂದರಿಂದ ಏಳೋ ಎಂಟೋ ಅಂಕಿ ಇರೋದು. ಇಷ್ಟು ವರ್ಷ ಅದನ್ನ ಅಲಂಕಾರಕ್ಕೆ ಇಟ್ಟಿದ್ದಾರೆ ಅಂದ್ಕೊಂಡಿದ್ರಿ ಅಲ್ವಾ? ನಿಮ್ಮ ಕಣ್ಣು ಹೋಗೋದು ಪೆಟ್ರೋಲ್ ಮುಳ್ಳಿನ ಕಡೆ ಮಾತ್ರ, ಅದೂ ಕೆಂಪಿಗೆ ಬಂದ ಮೇಲೆ.

ಖಾಲಿ ರಸ್ತೆ ನೋಡ್ಕೊಂಡು ಒತ್ತಿ. ಮುಳ್ಳು ಸರ್ರನೆ ಮೇಲೆ ಹೋಯ್ತು, ಎಂಜಿನ್ ಗುಂಯ್ ಅಂತು, ಗಾಡಿ ಮಾತ್ರ ಅಲ್ಲೇ ಇದೆಯಾ? ಕ್ಲಚ್. ಮುಳ್ಳೇ ಏಳ್ತಿಲ್ವಾ? ಗಾಳಿ, ಪೆಟ್ರೋಲ್, ಕಿಡಿ, ಈ ಮೂರರಲ್ಲಿ ಯಾವುದೋ ಒಂದು. ಮೊದಲು ಏನೂ ಇಲ್ಲ, ಆಮೇಲೆ ದಬ್ಬಿದ ಹಾಗೆ ಹೋಯ್ತಾ? ಟರ್ಬೋನೋ, ಗೇರ್‌ಬಾಕ್ಸೋ. ಮುಕ್ಕಿ ಮುಕ್ಕಿ, ಜರ್ಕ್ ಹೊಡೀತಾ ಹೋಯ್ತಾ? ಮಿಸ್ಸಿಂಗ್.

ಇಷ್ಟು ನೋಡಿದ್ರೆ ಅರ್ಧ ಕೆಲಸ ಆಯ್ತು. ಆದ್ರೆ ನೀವು ಇದನ್ನ ನೋಡಲ್ಲ. ನೇರ ಜೆ.ಸಿ. ರೋಡಿಗೆ ಹೋಗಿ, ಯಾರೋ ಹೇಳಿದ ಪಾರ್ಟು ಚೌಕಾಸಿ ಮಾಡಿ ತರ್ತೀರಿ. ಚೌಕಾಸಿ ಗೆದ್ದ ಖುಷೀಲಿ ಪಾರ್ಟು ಬೇಕಿತ್ತಾ ಇಲ್ವಾ ಅನ್ನೋದೇ ಮರೆತುಹೋಗುತ್ತೆ.

ಕ್ಲಚ್ಚಿನ ಮಾತು ಬಂತಲ್ಲ, ನಿಮ್ಮ ಎಡಗಾಲು ಈಗ ಎಲ್ಲಿದೆ? ಓದ್ತಾ ಇದ್ದೀರಿ, ಹಾಗಾಗಿ ನೆಲದ ಮೇಲಿರಬಹುದು. ಕಾರಲ್ಲಿ ಕೂತ್ರೆ ಅದು ಕ್ಲಚ್ ಪೆಡಲ್ ಬಿಟ್ಟು ಕದಲಲ್ಲ. ಹೆಬ್ಬಾಳ ಫ್ಲೈಓವರ್ ಏರಲ್ಲಿ ಟ್ರಾಫಿಕ್ ನಿಂತಾಗ ಬ್ರೇಕ್ ಬದಲು ಅರ್ಧ ಕ್ಲಚ್ಚಲ್ಲೇ ಗಾಡಿ ತೂಗಿಸಿಕೊಂಡು ನಿಲ್ತೀರಲ್ಲ, ಅದನ್ನ ಕೌಶಲ್ಯ ಅಂತ ಬೇರೆ ಅಂದ್ಕೊಂಡಿದ್ದೀರಿ. ಸುಟ್ಟ ವಾಸನೆ ಬಂದ್ರೆ "ಮುಂದಿನ ಲಾರೀದು" ಅಂತ ಗ್ಲಾಸ್ ಏರಿಸ್ತೀರಿ.

ಪರೀಕ್ಷೆ ಸುಲಭ. ಸಮತಟ್ಟು ಜಾಗ, ಎದುರಿಗೆ ಗೋಡೆ, ಮನುಷ್ಯರು, ದನ ಯಾವುದೂ ಇರಬಾರದು. ಹ್ಯಾಂಡ್‌ಬ್ರೇಕ್ ಪೂರ್ತಿ ಎಳೆದು, ಮೂರನೇ ಗೇರ್ ಹಾಕಿ, ಚೂರು ರೇಸ್ ಕೊಟ್ಟು ಕ್ಲಚ್ ನಿಧಾನಕ್ಕೆ ಬಿಡಿ. ಎಂಜಿನ್ ಗಕ್ಕನೆ ಆಫ್ ಆದ್ರೆ ಕ್ಲಚ್ ಗಟ್ಟಿ ಇದೆ. ಆಫ್ ಆಗದೆ ಓಡ್ತಾನೇ ಇದ್ರೆ ಪ್ಲೇಟ್ ಜಾರ್ತಿದೆ. (ಒಂದು ಸಲ ಸಾಕು. ಮಕ್ಕಳಿಗೆ ತೋರಿಸೋಕೆ, ಅಂಕಲ್‌ಗೆ ತೋರಿಸೋಕೆ ಅಂತ ಪದೇ ಪದೇ ಮಾಡಿದ್ರೆ ಉಳಿದಿರೋ ಪ್ಲೇಟೂ ಹೋಗುತ್ತೆ.)

ಕ್ಲಚ್ ಗಟ್ಟಿ ಇದೆ, ಆದ್ರೂ ಎಳೀತಿಲ್ಲ ಅಂತೀರಾ? ಹಾಗಿದ್ರೆ ಗೇರ್ ಯಾವುದು ಹೇಳಿ. ನಾಲ್ಕನೇದಾ? ಸ್ಪೀಡ್ ಎಷ್ಟು, ಇಪ್ಪತ್ತೈದಾ? ಹೋಗ್ಲಿ ಬಿಡಿ, ನನಗೆ ಗೊತ್ತಿತ್ತು. "ಟಾಪ್ ಗೇರಲ್ಲೇ ಹೋದ್ರೆ ಮೈಲೇಜ್ ಬರುತ್ತೆ" ಅಂತ ಯಾರು ನಿಮ್ಮ ಕಿವಿಯಲ್ಲಿ ಊದಿದ್ರೋ, ಅವರಿಗಿಷ್ಟು! ಸ್ಪೀಡ್ ಬ್ರೇಕರ್ ಇಳಿದ ಮೇಲೂ ಗೇರ್ ಇಳಿಸಲ್ಲ ನೀವು. ಮರ್ಯಾದೆ ಇಳಿದುಹೋಗುತ್ತೆ ಅನ್ನೋ ಭಯ.

ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವುಗಳಲ್ಲಿ ಬಸ್ಸಿನ ಡ್ರೈವರಣ್ಣ ಏನು ಮಾಡ್ತಾನೆ ಅಂತ ಒಂದು ಸಲ ಪಕ್ಕದಲ್ಲಿ ಕೂತು ನೋಡಿ. ತಿರುವು ಬರೋಕೆ ಮುಂಚೆಯೇ ಗೇರ್ ಇಳಿಸಿರ್ತಾನೆ. ನೀವು? ತಿರುವಿನ ಮಧ್ಯದಲ್ಲಿ ಗಾಡಿ ಗಡಗಡ ನಡುಗಿದ ಮೇಲೆ, ಹಿಂದಿನ ಸೀಟಿಂದ ಅಮ್ಮ "ರಾಮ ರಾಮ" ಅಂದ ಮೇಲೆ, ಕೈ ಗೇರ್ ಹುಡುಕುತ್ತೆ.

ಟರ್ಬೋ ಗಾಡಿ ಆದ್ರಂತೂ ಈ ಸೋಮಾರಿತನಕ್ಕೆ ಕ್ಷಮೆ ಇಲ್ಲ. ಎಂಜಿನ್ನಿಂದ ಹೊರಗೆ ಹೋಗೋ ಹೊಗೆಯೇ ಟರ್ಬೋ ಚಕ್ರ ತಿರುಗಿಸಬೇಕು. ಆ ಚಕ್ರ ಗಾಳಿಯನ್ನ ಒತ್ತಿ ಒಳಗೆ ಕಳಿಸಬೇಕು. ಆರ್‌ಪಿಎಂ ಸಾವಿರದ ಆಸುಪಾಸಿನಲ್ಲಿ ಹೊಗೆಯೇ ಸಾಲದು, ಚಕ್ರ ಹೇಗೆ ತಿರುಗೀತು? ಹಳೇ ಸ್ವಿಫ್ಟ್ ಡೀಸೆಲ್ ಇಟ್ಕೊಂಡೋರು ಈಗ ತಲೆ ಆಡಿಸ್ತಿದ್ದಾರೆ. ಆ 1248 ಸಿಸಿ ಎಂಜಿನ್ನು ಎರಡು ಸಾವಿರ ದಾಟೋ ತನಕ ನಿದ್ದೆ, ದಾಟಿದ ಮೇಲೆ ಓಟ. ಕಾಯಿಲೆ ಅಲ್ಲ ಅದು, ಸ್ವಭಾವ. ಒಂದು ಗೇರ್ ಇಳಿಸಿ, ಮುಗೀತು.

"ನಂದು ಆಟೋಮ್ಯಾಟಿಕ್ಕು, ಗೇರಿನ ಗೋಜೇ ಇಲ್ಲ" ಅಂತ ನಗ್ತಿದ್ದೀರಾ? ಬನ್ನಿ, ನಿಮ್ಮದೂ ಇದೆ. 2014ರಲ್ಲಿ ಸೆಲೆರಿಯೋ ಜೊತೆ ಎಎಂಟಿ ಬಂತಲ್ಲ, ಅದರೊಳಗಿರೋದು ಮಾಮೂಲಿ ಗೇರ್‌ಬಾಕ್ಸೇ, ಮಾಮೂಲಿ ಕ್ಲಚ್ಚೇ. ಒತ್ತೋ ಕಾಲು ಮಾತ್ರ ಯಂತ್ರದ್ದು. ಅದು ಗೇರ್ ಬದಲಿಸೋವಾಗ ಒಂದು ಕ್ಷಣ ಎಳೆತ ನಿಲ್ಲುತ್ತೆ, ಎಲ್ಲರ ತಲೆ ಮುಂದಕ್ಕೆ ತೂಗುತ್ತೆ.

ಆ ಕ್ಷಣದಲ್ಲೇ ನೀವು ರೇಗಿ ಇನ್ನೂ ಒತ್ತಬೇಕಾ? ಗೇರ್ ಬೀಳೋ ಹೊತ್ತಿಗೆ ಕಾಲು ಚೂರು ಸಡಿಲ ಬಿಡಿ, ಬಿದ್ದ ಮೇಲೆ ಒತ್ತಿ. ಓವರ್‌ಟೇಕ್ ಮಾಡೋದಿದ್ರೆ ಮ್ಯಾನ್ಯುವಲ್ಲಿಗೆ ಹಾಕಿ ಮುಂಚೆಯೇ ಒಂದು ಗೇರ್ ಇಳಿಸ್ಕೊಳ್ಳಿ. (ಹಾಗೇ ಆ ಇಕೋ ಬಟನ್ ಕಡೆ ಒಂದು ಸಲ ನೋಡಿ. ಹಿಂದಿನ ಭಾನುವಾರ ಮಗು ಮುಂದಿನ ಸೀಟಲ್ಲಿ ಕೂತು ಎಲ್ಲ ಬಟನ್ ಒತ್ತಿ ಆಟ ಆಡಿತ್ತು, ನೆನಪಿದೆಯಾ? ಪೆಡಲಿನ ಚುರುಕನ್ನ ಕಮ್ಮಿ ಮಾಡೋದೇ ಅದರ ಕೆಲಸ.)

ಈಗ ಗಾಳಿಗೆ ಬರೋಣ. ಮೊದಲು ನಿಮ್ಮ ಮಂಗಳೂರು ನೆಂಟರ ಗೊಣಗಾಟ ಇತ್ಯರ್ಥ ಮಾಡಿಬಿಡ್ತೀನಿ. "ಊರಲ್ಲಿ ಎಂಥ ಚಂದ ಹೋಗ್ತದೆ ಮಾರಾಯ್ರೆ, ನಿಮ್ಮ ಬೆಂಗಳೂರಿಗೆ ಬಂದ್ರೆ ಎಳೆಯುದೇ ಇಲ್ಲ" ಅಂತಾರಲ್ಲ, ನೀವು ಒಳಗೊಳಗೇ ನಕ್ಕಿದ್ರಿ. ಅವರು ಹೇಳೋದು ಸರಿ! ಬೆಂಗಳೂರು ಸಮುದ್ರಮಟ್ಟಕ್ಕಿಂತ 900 ಮೀಟರ್ ಮೇಲಿದೆ. ಗಾಳಿಯ ಒತ್ತಡ ಸುಮಾರು ಶೇ. 10ರಷ್ಟು ಕಮ್ಮಿ. ಟರ್ಬೋ ಇಲ್ಲದ ಎಂಜಿನ್ನಿನ ಶಕ್ತಿಯೂ ಹೆಚ್ಚುಕಮ್ಮಿ ಅಷ್ಟೇ ಇಳಿಯುತ್ತೆ.

ಆದ್ರೆ ನೀವು ಇದೇ ಬೆಂಗಳೂರಲ್ಲೇ ಕಾರು ಕೊಂಡೋರು, ಈ ನೆಪ ನಿಮಗಿಲ್ಲ. ನಿಮ್ಮ ಏರ್ ಫಿಲ್ಟರ್ ಎಲ್ಲಿದೆ ಗೊತ್ತಾ? ಕಪ್ಪು ಪ್ಲಾಸ್ಟಿಕ್ ಡಬ್ಬ, ನಾಲ್ಕು ಕ್ಲಿಪ್. ಎಷ್ಟೋ ಕಾರಲ್ಲಿ ಸ್ಕ್ರೂಡ್ರೈವರೂ ಬೇಡ, ಬೆರಳು ಸಾಕು. ತೆಗೆದು ಬೆಳಕಿಗೆ ಹಿಡೀರಿ. ಬಳ್ಳಾರಿ ಕಡೆ ಓಡಾಡೋ ಗಾಡಿ ಆಗಿದ್ರೆ ಅದಿರಿನ ಕೆಂಪು ಧೂಳು ಕಾಣುತ್ತೆ. ಬೆಳಕೇ ತೂರ್ತಿಲ್ಲ ಅಂದ್ರೆ ಗಾಳಿ ಎಲ್ಲಿಂದ ತೂರೀತು?

ಡಬ್ಬ ತೆಗೆದಾಗ ಬೆಚ್ಚಿಬೀಳಬೇಡಿ. ಒಳಗೆ ಶೇಂಗಾ ಸಿಪ್ಪೆ, ತೆಂಗಿನ ನಾರು, ನಿಮ್ಮದೇ ಮನೆಯ ಹಳೇ ಕಾಲ್ಚೀಲದ ತುಂಡು ಸಿಗಬಹುದು. ಇಲಿರಾಯ ಬಾಣಂತನಕ್ಕೆ ಜಾಗ ಮಾಡಿದ್ದಾನೆ. ವಿನಾಯಕನ ವಾಹನಕ್ಕೆ ನಿಮ್ಮ ವಾಹನ ಇಷ್ಟ ಆಗಿದೆ, ಏನು ಮಾಡೋಕಾಗುತ್ತೆ? ಬಾನೆಟ್ಟೊಳಗೆ ಹೊಗೆಸೊಪ್ಪು ಕಟ್ಟೋರು, ನುಸಿಗುಳಿಗೆ ಇಡೋರು ಎಲ್ಲ ಇದ್ದಾರೆ. ಕಟ್ಟಿ, ಬೇಡ ಅನ್ನಲ್ಲ. ಜೊತೆಗೆ ಸೆನ್ಸರ್ ವೈರು ಕಚ್ಚಿದೆಯಾ ಅಂತಲೂ ನೋಡಿ. ಒಂದು ವೈರು ಕಚ್ಚಿದ್ರೆ ಸಾಕು, ಪಿಕಪ್ ಕೈಲಾಸಕ್ಕೆ.

ಫಿಲ್ಟರಿನಿಂದ ಎಂಜಿನ್ನಿಗೆ ಹೋಗೋ ರಬ್ಬರ್ ಪೈಪನ್ನೂ ಬಗ್ಗಿಸಿ ನೋಡಿ. ಮಡಿಕೆಯೊಳಗೆ ಸೀಳು ಬಿಟ್ಟಿರುತ್ತೆ, ಮೇಲೆ ಕಾಣಲ್ಲ. ಒಳಗೆ ಬರೋ ಗಾಳಿಯನ್ನ ಸೆನ್ಸರ್ ಲೆಕ್ಕ ಹಾಕಿ ಸಾಹೇಬರಿಗೆ ವರದಿ ಕೊಡುತ್ತೆ. ಸೀಳಿಂದ ನುಗ್ಗೋ ಗಾಳಿ ಲೆಕ್ಕಕ್ಕೇ ಬರಲ್ಲ. ಪೆಟ್ರೋಲ್ ಒಂದಕ್ಕೆ ತೂಕದಲ್ಲಿ ಗಾಳಿ 14.7 ಇರಬೇಕು ಅನ್ನೋದು ಶಾಸ್ತ್ರ. ಗಾಳಿ ಹೆಚ್ಚಾದ್ರೆ ಎಂಜಿನ್ ಒತ್ತಿದ ತಕ್ಷಣ ಒಂದು ಗಳಿಗೆ ತಬ್ಬಿಬ್ಬಾಗುತ್ತೆ. ಟರ್ಬೋ ಗಾಡೀಲಿ ಈ ಪೈಪೇ ಬಿಚ್ಚಿಕೊಂಡಿದ್ರಂತೂ ಬುಸ್ ಅನ್ನೋ ಸದ್ದು ಬರುತ್ತೆ, ಕಪ್ಪು ಹೊಗೆ ಬರುತ್ತೆ, ಗಾಡಿ ಮಾತ್ರ ಬರಲ್ಲ.

ಕೆಲವು ಕಾರಲ್ಲಿ ಗಾಳಿ ಅಳೆಯೋಕೆ ಕೂದಲಿನಷ್ಟು ತೆಳ್ಳಗಿನ ಬಿಸಿ ತಂತಿ ಇರುತ್ತೆ. ಅದರ ಮೇಲೆ ಜಿಡ್ಡು ಕೂತ್ರೆ ಲೆಕ್ಕ ತಪ್ಪುತ್ತೆ. ಅದನ್ನ ತೊಳೆಯೋಕೆ ಅಂತಲೇ ಸ್ಪ್ರೇ ಸಿಗುತ್ತೆ. ನಿಮ್ಮ ಹಳೇ ಹಲ್ಲುಜ್ಜೋ ಬ್ರಷ್ಷಿಗೆ ಕೈ ಹಾಕಬೇಡಿ. (ಹಾಕ್ತಿದ್ರಿ. ಮನೆಯಲ್ಲಿ ಟಿವಿ ರಿಮೋಟಿಂದ ಹಿಡಿದು ಎಲ್ಲವನ್ನೂ ಅದರಲ್ಲೇ ಉಜ್ಜೋರು ನೀವು.)

ಥ್ರಾಟಲ್ ಬಾಡಿಯ ತಟ್ಟೆ ಸುತ್ತ ಮಸಿ ಕಟ್ಟೋದೂ ಮಾಮೂಲು. ಮೆಕ್ಯಾನಿಕ್ ತೊಳೆದುಕೊಡ್ತಾನೆ. ತೊಳೆದ ಮೇಲೆ ಎಷ್ಟೋ ಗಾಡಿಗಳಲ್ಲಿ ಕಂಪ್ಯೂಟರಿಗೆ ಹೊಸ ಅಳತೆ ಕಲಿಸಬೇಕು. ಅಲ್ಲಿ ತನಕ ಐಡಲಿಂಗ್ ಏರುಪೇರು ಆಗುತ್ತೆ. ಆಗ ನೀವು ಫೋನ್ ಮಾಡಿ "ಮುಂಚೇನೇ ಚೆನ್ನಾಗಿತ್ತಲ್ರೀ" ಅಂತ ಜಗಳ ತೆಗೆಯೋದು, ಪಾಪ ಅವನು ಎಣ್ಣೆ ಕೈಯಲ್ಲಿ ಫೋನ್ ಹಿಡಿದು "ಸಾರ್, ಸಾರ್" ಅನ್ನೋದು, ಎಲ್ಲ ಬೇಕಾ?

ಇನ್ನು ಪೆಟ್ರೋಲ್. ಬಂಕಿಗೆ ಹೋಗಿ ಎಷ್ಟಕ್ಕೆ ಹಾಕಿಸ್ತೀರಿ? ಐನೂರು. ಯಾವಾಗ? ಕೆಂಪು ದೀಪ ಬಂದ ಮೇಲೆ. ಟ್ಯಾಂಕಿನೊಳಗಿರೋ ಪಂಪು ತಣ್ಣಗಿರೋದೇ ಸುತ್ತಲಿನ ಪೆಟ್ರೋಲಿಂದ. ಸದಾ ರಿಸರ್ವಲ್ಲೇ ಓಡಿಸಿದ್ರೆ ಪಂಪು ಬಿಸಿಯಾಗಿ ಬೇಗ ಸೊರಗುತ್ತೆ. ಸೊರಗಿದ ಪಂಪು ಐಡಲಿಂಗಿಗೆ ಸಾಲುತ್ತೆ, ಸಿಟಿಗೆ ಸಾಲುತ್ತೆ. ಹೈವೇಲಿ ಒತ್ತಿದಾಗ ಕೈಕೊಡುತ್ತೆ. ಐನೂರು ಹಾಕ್ಸಿದ್ರೂ ಸಾವಿರ ಹಾಕ್ಸಿದ್ರೂ ಲೀಟರ್ ರೇಟು ಒಂದೇ ಅಲ್ವೇನ್ರೀ?

ಈಗಂತೂ ನಿಮಗೆ ಹೊಸ ಆರೋಪಿ ಸಿಕ್ಕಿದ್ದಾನೆ: ಇ-20. ಮೈಲೇಜ್ ಬಿತ್ತಾ, ಇ-20. ಗಾಡಿ ಜರ್ಕ್ ಹೊಡೀತಾ, ಇ-20. ಲೆಕ್ಕ ನೋಡೋಣ ಬನ್ನಿ. ಲೀಟರಿಗೆ ಲೀಟರ್ ಹಿಡಿದ್ರೆ ಎಥನಾಲಿನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರರಲ್ಲೊಂದು ಭಾಗ ಶಕ್ತಿ ಕಮ್ಮಿ. ಶೇ. 20 ಬೆರೆಸಿದ್ರೆ ಒಟ್ಟು ಕಮ್ಮಿಯಾಗೋದು ಶೇ. 6-7. ಅದು ಹೊಡೆಯೋದು ಮುಖ್ಯವಾಗಿ ಮೈಲೇಜಿಗೆ. ಹಳೇ ಗಾಡಿಗಳ ರಬ್ಬರ್ ಪೈಪು, ವಾಷರುಗಳ ಚಿಂತೆ ಬೇರೆ, ಅದು ನ್ಯಾಯವಾದ ಚಿಂತೆಯೇ. ಆದ್ರೆ ನಿನ್ನೆ ಇದ್ದ ಪಿಕಪ್ ಇವತ್ತು ದಿಢೀರನೆ ಕಾಣೆಯಾದ್ರೆ ಎಥನಾಲ್ ಮೇಲೆ ಎಫ್‌ಐಆರ್ ಹಾಕಬೇಡಿ. ಸ್ಪಾರ್ಕ್ ಪ್ಲಗ್ ಬದಲಿಸಿದ್ದು ಯಾವಾಗ ಅಂತ ಮೊದಲು ಹೇಳಿ.

ಗೊತ್ತಿಲ್ಲ ಅಲ್ವಾ? ಸಾಧಾರಣ ಪ್ಲಗ್ಗು ಮೂವತ್ತು ನಲವತ್ತು ಸಾವಿರ ಕಿಲೋಮೀಟರಿಗೆ ಸವೆದುಹೋಗುತ್ತೆ. ಇಗ್ನಿಶನ್ ಕಾಯಿಲ್ ಸೊರಗಿದ್ರೂ ಇದೇ ಕಥೆ: ಆರಾಮಾಗಿ ಹೋಗುವಾಗ ಏನೂ ಇಲ್ಲ, ಏರಿನಲ್ಲಿ ಒತ್ತಿದ್ರೆ ಮಿಸ್ ಹೊಡೆಯುತ್ತೆ. ಹುಬ್ಬಳ್ಳಿ ಕಡೆ ಮೆಕ್ಯಾನಿಕ್ ಹತ್ರ "ಗಾಡಿ ಜಗ್ಗವಲ್ದು ನೋಡ್ರಿ" ಅಂದ್ರೆ ಅವ ಮೊದಲು ಪ್ಲಗ್ಗೇ ಬಿಚ್ಚೋದು, ಆಮೇಲೆ ಮಾತು.

ಅಷ್ಟಕ್ಕೂ ಗಾಡಿ ಬಾಯಿಬಿಟ್ಟು ಹೇಳಿತ್ತಲ್ಲ! ಮೀಟರ್ ಬೋರ್ಡಲ್ಲಿ ಹಳದಿ ಎಂಜಿನ್ ಚಿತ್ರ ಬಂದು ಎಷ್ಟು ದಿನ ಆಯ್ತು? "ಅದು ಸೆನ್ಸರ್ ಪ್ರಾಬ್ಲಂ, ಏನೂ ಆಗಲ್ಲ" ಅಂತ ನೀವೇ ತೀರ್ಪು ಕೊಟ್ರಿ. ದೀಪ ಸುಮ್ಮನೆ ಉರೀತಿದ್ರೆ ಈ ವಾರ ತೋರಿಸಿ. ಮಿಣುಕ್ ಮಿಣುಕ್ ಅಂತಿದ್ರೆ ಇವತ್ತೇ ತೋರಿಸಿ, ಕಾಲು ಹಗುರ ಇಟ್ಕೊಂಡು ಹೋಗಿ. ಸುಡದೆ ಉಳಿದ ಪೆಟ್ರೋಲ್ ಸೈಲೆನ್ಸರಿಗೆ ನುಗ್ಗಿ, ಕ್ಯಾಟಲಿಟಿಕ್ ಕನ್ವರ್ಟರನ್ನ ಕೆಂಡ ಮಾಡಿ ಕರಗಿಸುತ್ತೆ. ಅದು ಕಟ್ಟಿಕೊಂಡ್ರೆ ಪಿಕಪ್ ಇನ್ನೂ ಹೋಗುತ್ತೆ, ಅದರ ಬೆಲೆ ಕೇಳಿದ್ರೆ ನಿಮ್ಮ ಪಿಕಪ್ಪೂ ಹೋಗುತ್ತೆ.

ಸ್ಟಿಯರಿಂಗ್ ಕೆಳಗೆ ಒಂದು ಸಾಕೆಟ್ ಇದೆ, ಒಬಿಡಿ ಅಂತಾರೆ. ಸ್ಕ್ಯಾನರ್ ಚುಚ್ಚಿದ್ರೆ ಕೋಡ್ ಬರುತ್ತೆ. ಬ್ಲೂಟೂತ್ ಸ್ಕ್ಯಾನರ್ ಆನ್‌ಲೈನಲ್ಲಿ ಅಗ್ಗಕ್ಕೆ ಸಿಗುತ್ತೆ ಅಂತ ತರಿಸ್ತೀರಿ, ಸಂತೋಷ. ಪಿ0300 ಬಂದ್ರೆ ಮಿಸ್ಸಿಂಗ್, ಪಿ0171 ಬಂದ್ರೆ ಗಾಳಿ ಹೆಚ್ಚು ಪೆಟ್ರೋಲ್ ಕಮ್ಮಿ, ಪಿ0299 ಬಂದ್ರೆ ಟರ್ಬೋ ಒತ್ತಡ ಸಾಲದು.

ಅಲ್ಲಿಂದ ಶುರು ನಿಮ್ಮ ಡಾಕ್ಟರಿಕೆ. ಪಿ0171 ನೋಡಿ ಆಕ್ಸಿಜನ್ ಸೆನ್ಸರ್ ಆರ್ಡರ್ ಮಾಡ್ತೀರಿ. ಆ ಬಡಪಾಯಿ ಸೆನ್ಸರ್ ಮಾಡಿದ ತಪ್ಪೇನು? ಗಾಳಿ ಹೆಚ್ಚಾಗಿದೆ ಅಂತ ಚಾಡಿ ಹೇಳಿದ್ದು. ಚಾಡಿ ಹೇಳಿದೋನನ್ನ ಎತ್ತಂಗಡಿ ಮಾಡಿದ್ರೆ ಕಳ್ಳತನ ನಿಲ್ಲುತ್ತಾ? ಆ ಸೀಳಿದ ಪೈಪು ಅಲ್ಲೇ ಇದೆಯಲ್ಲ!

2020ರ ಏಪ್ರಿಲ್ 1ರ ಈಚೆಗೆ ಕೊಂಡ ಬಿಎಸ್-6 ಡೀಸೆಲ್ ಕಾರಾ ನಿಮ್ಮದು? ಇಲ್ಲಿ ಕೇಳಿ. ಅದರ ಸೈಲೆನ್ಸರ್ ದಾರೀಲಿ ಡಿಪಿಎಫ್ ಅನ್ನೋ ಜರಡಿ ಇದೆ. ಮಸಿಯನ್ನೆಲ್ಲ ಹಿಡಿದಿಟ್ಕೊಂಡು, ಚೆನ್ನಾಗಿ ಬಿಸಿಯಾದಾಗ ತಾನೇ ಸುಟ್ಟುಹಾಕುತ್ತೆ. ಬಿಸಿಯಾಗೋಕೆ ಗಾಡಿ ಒಂದೇ ಸಮನೆ ಓಡಬೇಕು. ನೀವು ಓಡ್ಸೋದು ಎಲ್ಲಿಗೆ? ಮಗಳ ಸ್ಕೂಲು, ತರಕಾರಿ ಅಂಗಡಿ, ಮತ್ತೆ ಮನೆ. ಅದಕ್ಕೆ ಡೀಸೆಲ್ ಕಾರು ಯಾಕೆ ತಗೊಂಡ್ರಿ ಅಂತ ನಾನು ಕೇಳಲ್ಲ, ಮನೆಯಲ್ಲಿ ಕೇಳಿರ್ತಾರೆ.

ಜರಡಿ ತುಂಬಿದ್ರೆ ಹೊಗೆಗೆ ದಾರಿ ಇಲ್ಲ, ಗಾಡಿಗೆ ಪಿಕಪ್ ಇಲ್ಲ. ಡಿಪಿಎಫ್ ದೀಪ ಬಂದ ಹೊಸದರಲ್ಲೇ ಹೈವೇಗೆ ಹೋಗಿ, ಎರಡು ಸಾವಿರದ ಮೇಲೆ ಆರ್‌ಪಿಎಂ ಇಟ್ಕೊಂಡು, ಅರವತ್ತು ಎಂಬತ್ತರಲ್ಲಿ ನಿಲ್ಲಿಸದೆ ಒಂದಿಪ್ಪತ್ತು ನಿಮಿಷ ಓಡಿಸಿ. ವಿವರ ನಿಮ್ಮ ಮ್ಯಾನ್ಯುವಲ್ಲಲ್ಲಿದೆ. (ಗ್ಲೌ ಬಾಕ್ಸಲ್ಲಿ ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚದೆ ಇಟ್ಟಿದ್ದೀರಲ್ಲ, ಅದೇ ಪುಸ್ತಕ.) ಡಿಪಿಎಫ್ ನೆಪದಲ್ಲಿ ಬಿಡದಿಗೆ ತಟ್ಟೆ ಇಡ್ಲಿಗೆ ಹೋಗಬಹುದು, ಮನೆಯಲ್ಲಿ ಯಾರೂ ಆಕ್ಷೇಪಣೆ ಎತ್ತಲ್ಲ.

ಮೆಕ್ಯಾನಿಕ್ ಹತ್ರ ಹೋದಾಗ ನೀವು ಮಾತಾಡೋ ಶೈಲಿಯೂ ನನಗೆ ಗೊತ್ತು. "ಅಣ್ಣ, ಗಾಡಿ ಯಾಕೋ ಸರಿ ಇಲ್ಲ, ನೋಡು." ಅವನೇನು ಕಣಿ ಹೇಳ್ತಾನಾ? ತಣ್ಣಗಿದ್ದಾಗಲೋ, ಬಿಸಿಯಾದ ಮೇಲೋ? ಯಾವ ಗೇರಲ್ಲಿ, ಎಷ್ಟು ಆರ್‌ಪಿಎಂನಲ್ಲಿ? ಏರಿನಲ್ಲಿ ಮಾತ್ರವೋ, ಸಮ ರಸ್ತೆಯಲ್ಲೂ ಹೌದೋ? ಹೊಗೆ ಕಪ್ಪೋ, ನೀಲಿಯೋ? ಕಪ್ಪಾದ್ರೆ ಗಾಳಿ ಸಾಲದು ಅಥವಾ ಇಂಧನ ಜಾಸ್ತಿ. ನೀಲಿಯಾದ್ರೆ ಎಂಜಿನ್ ಆಯಿಲ್ ಸುಡ್ತಿದೆ. ಇಷ್ಟು ಹೇಳಿ, ಪಕ್ಕದಲ್ಲಿ ಕೂರಿಸ್ಕೊಂಡು ಒಂದು ರೌಂಡ್ ಹೋಗಿಬನ್ನಿ. ಬಿಟ್ಟು ಹೋದ್ರೆ ಅವನು ವಾಟರ್ ವಾಶ್ ಮಾಡಿ ಕೊಡ್ತಾನೆ, ನೀವು "ಈಗ ಪರವಾಗಿಲ್ಲ" ಅಂತೀರಿ.

ಅದಕ್ಕೂ ಮುಂಚೆ ದುಡ್ಡು ಖರ್ಚಿಲ್ಲದ ಕೆಲಸ ಮುಗಿಸಿಬಿಡಿ. ಟಯರ್ ಗಾಳಿ ನೋಡ್ಸಿ. ಹ್ಯಾಂಡ್‌ಬ್ರೇಕ್ ಒಂದು ಹಲ್ಲು ಉಳ್ಕೊಂಡಿದೆಯಾ ನೋಡಿ. ಒಂದು ಸುತ್ತು ಹೋಗಿಬಂದು ನಾಲ್ಕೂ ಚಕ್ರದ ಹತ್ರ ಕೈ ಹಿಡೀರಿ (ಮುಟ್ಟಬೇಡಿ, ಹತ್ರ ಅಂದೆ). ಒಂದು ಮಾತ್ರ ಸುಡ್ತಿದ್ರೆ ಅಲ್ಲಿ ಬ್ರೇಕ್ ಹಿಡ್ಕೊಂಡಿದೆ. ಡಿಕ್ಕಿ ತೆಗೀರಿ. ಊರಿಂದ ತಂದ ಅಕ್ಕಿ ಮೂಟೆ, ಮೂವತ್ತು ತೆಂಗಿನಕಾಯಿ, ಯಾವತ್ತೋ ಗುಜರಿಗೆ ಹಾಕ್ತೀನಿ ಅಂತ ಇಟ್ಟ ಮಿಕ್ಸಿ. ಇವರನ್ನೆಲ್ಲ ಇಳಿಸಿ, ಟಿಕೆಟ್ ಇಲ್ಲದ ಪ್ರಯಾಣಿಕರು.

ಪೆಡಲ್ ಕೆಳಗೂ ಬಗ್ಗಿ ನೋಡಿ. ಕಂಪನಿ ಕೊಟ್ಟ ಮ್ಯಾಟು, ಅದರ ಮೇಲೆ ನೀವು ಹಾಕ್ಸಿದ ದಪ್ಪ ಮ್ಯಾಟು, ಅದು ಕೊಳೆ ಆಗಬಾರದು ಅಂತ ಮೇಲೊಂದು ನ್ಯೂಸ್ ಪೇಪರ್. ಪೆಡಲ್ ಪೂರ್ತಿ ಕೆಳಗೆ ಹೋಗೋಕೆ ಜಾಗ ಎಲ್ಲಿದೆ? ತಮಾಷೆ ಅಲ್ಲ, ಜಾರಿದ ಮ್ಯಾಟು ಪೆಡಲನ್ನ ಒತ್ತಿಹಿಡಿದ್ರೆ ಪ್ರಾಣಕ್ಕೇ ಸಂಚಕಾರ. 2009ರಲ್ಲಿ ಟೊಯೋಟಾ ಅಮೆರಿಕದಲ್ಲಿ ಮ್ಯಾಟಿನ ಕಾರಣಕ್ಕೇ ಲಕ್ಷಗಟ್ಟಲೆ ಕಾರುಗಳನ್ನ ರೀಕಾಲ್ ಮಾಡಬೇಕಾಯ್ತು.

ಹೂಂ, ಏಳಿ ಈಗ. ನಾಳೆ ಅಲ್ಲ, "ಈ ಸಂಡೇ ಖಂಡಿತ" ಅಲ್ಲ. ಕೀ ತಗೊಳ್ಳಿ. ಎಂಜಿನ್ ಆಫ್ ಇರಲಿ, ಬಿಸಿ ಇದ್ರೆ ಆರಲಿ. ಎಲ್ಲಕ್ಕಿಂತ ಮೊದಲು ಏರ್ ಫಿಲ್ಟರ್ ನೋಡೋಣ. ಬಾನೆಟ್ ತೆಗೀರಿ. ಲಿವರ್ ಎಲ್ಲಿದೆ ಅಂತೀರಾ? ಸ್ಟಿಯರಿಂಗ್ ಕೆಳಗೆ ಕೈಯಾಡಿಸಿ, ಸಿಗುತ್ತೆ. ಹಾಂ, ಅದನ್ನ ಎಳೀರಿ... ಅದಲ್ಲ ಸ್ವಾಮಿ, ಅದು ಪೆಟ್ರೋಲ್ ಟ್ಯಾಂಕಿನ ಮುಚ್ಚಳದ್ದು!